ಮುನಿಯಣ್ಣ ಹಿಂದಿನ ಸೀಟಿನಲ್ಲಿ ಕೂತ ದಿನ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಮಲ್ಲತ್ತಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ವಾಕಿಂಗ್ ಬಂದವರೆಲ್ಲ ಸ್ವೆಟರ್, ಮಫ್ಲರ್ ಸುತ್ತಿಕೊಂಡಿದ್ದಾರೆ. ಅವರ ಪಕ್ಕದಲ್ಲೇ, ಮುಂದೆಯೂ ಹಿಂದೆಯೂ ಕೆಂಪಗೆ ‘ಎಲ್’ ಬರೆದುಕೊಂಡ ಬಿಳಿ ಕಾರೊಂದು ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಸಾಗುತ್ತಿದೆ. ಸ್ಟೀರಿಂಗ್ ಹಿಡಿದಿರುವವರು ಐವತ್ತೊಂಬತ್ತು ವರ್ಷದ ಚಿಕ್ಕಲಕ್ಷ್ಮಮ್ಮ. ಪಕ್ಕದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಚೇತನಾ. ಹಿಂದಿನ ಸೀಟಿನ ತುದಿಗೆ ಬಂದು, ಮುಂದಿನ ಎರಡು ಸೀಟುಗಳ ಸಂದಿಯಲ್ಲಿ ತಲೆ ತೂರಿಸಿ, ಕಣ್ಣು ಮುಚ್ಚಿ ಕೂತಿರುವವರು ಮುನಿಯಣ್ಣ. ಈ ಚಳಿಯಲ್ಲೂ ಹಟ ಹಿಡಿದು ಎ.ಸಿ. ಪೂರ್ತಿ ಹಾಕಿಸಿದ್ದಾರೆ.

“ಅಣ್ಣ, ಈ ಚಳೀಲಿ ಎ.ಸಿ. ಯಾಕಣ್ಣ? ಕೈ ಮರಗಟ್ಟೋಯ್ತು,” ಎಂದು ಚಿಕ್ಕಲಕ್ಷ್ಮಮ್ಮ ಸೆರಗನ್ನು ಕಿವಿಯ ಮೇಲಕ್ಕೆಳೆದುಕೊಳ್ಳುತ್ತಾರೆ.

“ಇರ್ಲಿ ಕಣಮ್ಮ. ನೀವು ದಿನಾ ಹೆಂಗ್ ಓಡಿಸ್ತಿದ್ರೋ ಹಂಗೇ ಓಡ್ಸಿ. ಚೆನ್ನಾಗ್ ಓಡ್ಸಕ್ ಮಾತ್ರ ಹೋಗ್ಬೇಡಿ.”

ಕಾರು ಕಲಿಯುವವರಿಗೆ ಇಂಥ ಉಪದೇಶ ಮಾಡಿದ ಮನುಷ್ಯ ಬೆಂಗಳೂರಿನಲ್ಲಿ ಇನ್ನೊಬ್ಬನಿರಲಾರ. ಮುನಿಯಣ್ಣ ತಮಾಷೆ ಮಾಡುತ್ತಿಲ್ಲ. ಈ ಕಾರು ಎಲ್ಲಾದರೂ ನಿಲ್ಲಲಿ, ನಿಂತದ್ದು ಮತ್ತೆ ಸ್ಟಾರ್ಟ್ ಆಗದಿರಲಿ ಎಂದು ಅವರು ಕಾದು ಕೂತಿದ್ದಾರೆ. ಇವತ್ತು ಅದು ನಿಲ್ಲದಿದ್ದರೆ ಶನಿವಾರ ಗುಜರಿಗೆ ಹೋಗುತ್ತದೆ.

ಕೆರೆಯಿಂದ ಎರಡು ತಿರುವು ಈಚೆಗೆ ಮುನಿಯಣ್ಣನವರ ಅಂಗಡಿಯಿದೆ. ಅಗಲ ಹತ್ತಡಿ. ಬೋರ್ಡಿನ ಬಣ್ಣವೆಲ್ಲ ಉದುರಿ ‘ಎಲೆಕ್ಟ್ರಿಕಲ್ಸ್’ ಎಂಬುದಷ್ಟೇ ಉಳಿದಿದೆ. ಕೆಂಗೇರಿಯಲ್ಲಿ ಹುಟ್ಟಿ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ರಾಜಾಜಿನಗರದ ಒಂದು ಗ್ಯಾರೇಜಿನಲ್ಲಿ ಬ್ಯಾಟರಿಗೆ ನೀರು ಹಾಕುವ ಕೆಲಸದಿಂದ ಶುರು ಮಾಡಿದವರು ಅವರು. ಈಗ ಅರವತ್ತೊಂದು ವರ್ಷ. ಸ್ವಂತ ಅಂಗಡಿಗೆ ಮೂವತ್ತೆರಡು. ಹಿಡಿದಿರುವುದು ಎರಡೇ ಕೆಲಸ: ಸ್ಟಾರ್ಟ್ ಆಗದ ಕಾರನ್ನು ಸ್ಟಾರ್ಟ್ ಮಾಡುವುದು, ತಣ್ಣಗಾಗದ ಕಾರನ್ನು ತಣ್ಣಗೆ ಮಾಡುವುದು. ಅದೂ ಹತ್ತು ವರ್ಷ ದಾಟಿದ ಕಾರಾದರೆ ಮಾತ್ರ.

“ಹೊಸ ಗಾಡೀಲಿ ಕಂಪ್ಯೂಟರ್ ಇರುತ್ತೆ ಸಾರ್, ಅದೇ ಹೇಳ್ಬಿಡುತ್ತೆ. ಹಳೇದಕ್ಕೆ ನಾವೇ ಕಿವಿ ಕೊಡ್ಬೇಕು,” ಎನ್ನುತ್ತಾರೆ. ಕೊಡುವುದು ಬಲಗಿವಿ. ಇಪ್ಪತ್ತೇಳು ವರ್ಷದ ಹಿಂದೆ ಬ್ಯಾಟರಿಯೊಂದು ಮುಖದ ಪಕ್ಕದಲ್ಲೇ ಸಿಡಿದು ಎಡಗಿವಿ ಮಂದವಾಗಿದೆ. ಎ.ಸಿ. ಗ್ಯಾಸ್ ತಗುಲಿ ಕಿರುಬೆರಳಿನ ತುದಿಗೆ ಸ್ಪರ್ಶವೇ ಇಲ್ಲ. ಬಾನೆಟ್ ಮೇಲೆ ಬಗ್ಗಿ ಬಗ್ಗಿ ಸೊಂಟ ಸಂಜೆಯ ಹೊತ್ತಿಗೆ ನೆಟ್ಟಗಾಗುವುದಿಲ್ಲ. ಇದನ್ನೆಲ್ಲ ಅವರು ಹೇಳುವುದಿಲ್ಲ. ಹೇಳುವವರು ಅವರ ಹೆಂಡತಿ ಇಂದ್ರಮ್ಮ. “ಮನೇಲಿ ನಾನ್ ಕೂಗಿದ್ರೆ ಕೇಳ್ಸಲ್ಲ. ಬೀದೀಲಿ ಯಾರ್ದೋ ಗಾಡಿ ಸೆಲ್ಫ್ ಎಳೀತಾ ಇದ್ರೆ ತಟ್ಟೆ ಬಿಟ್ಟು ಎದ್ ಹೋಗ್ತಾರೆ. ಆ ಕಿವಿ ಯಾವ್ದಕ್ಕೆ ಮಂದವೋ ಏನೋ!”

ದಿನಕ್ಕೆ ಏಳೆಂಟು ಕಾರು ಬರುತ್ತವೆ. ಅದರಲ್ಲಿ ನಾಲ್ಕಕ್ಕೆ ಬ್ಯಾಟರಿಯ ತುದಿ ಉಜ್ಜಿ ಬಿಗಿ ಮಾಡಿದರೆ ಸಾಕು. ಉಳಿದವನ್ನು ನೋಡುವ ಕ್ರಮ ಮಾತ್ರ ಒಂದೇ. ಮುನಿಯಣ್ಣ ಮೊದಲು ಬಾನೆಟ್ ಮುಟ್ಟುವುದಿಲ್ಲ. ಓನರನ್ನೇ ಕೂರಿಸಿ, ಮನೆಯಲ್ಲಿ ಹೇಗೆ ಕೀ ತಿರುಗಿಸುತ್ತಾರೋ ಹಾಗೇ ತಿರುಗಿಸಿ ಎಂದು ಹೇಳಿ, ತಾವು ಎದುರಿಗೆ ಬಲಗಿವಿ ತಿರುಗಿಸಿ ನಿಲ್ಲುತ್ತಾರೆ. “ಒಂದೇ ಸಲ ಟಕ್ ಅಂದ್ರೆ ಒಂದು ಕಾಯಿಲೆ, ಟಕಟಕ ಅಂತ ಹೊಡ್ಕೊಂಡ್ರೆ ಇನ್ನೊಂದು. ಗರ್ ಅಂತ ತಿರುಗಿ ಹಿಡೀಲಿಲ್ಲ ಅಂದ್ರೆ ಪೆಟ್ರೋಲ್ ಕಡೆ ಹೋಗ್ಬೇಕು.” ಎ.ಸಿ. ಆದರೆ ಎರಡು ಪೈಪನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಒಂದು ಬಿಸಿ, ಒಂದು ತಣ್ಣಗೆ ಇರಬೇಕು. “ಎಲ್ರೂ ಬಂದಿದ್ದೇ ಗ್ಯಾಸ್ ಹಾಕಿ ಅಂತಾರೆ. ಗ್ಯಾಸ್ ಏನ್ ಪೆಟ್ರೋಲಾ, ಓಡ್ತಾ ಓಡ್ತಾ ಖಾಲಿ ಆಗೋಕೆ? ಲೀಕ್ ಇದ್ರೆ ತಾನೇ ಹೋಗೋದು!”

ಇಷ್ಟು ಬಲ್ಲವರನ್ನೇ ಚೇತನಾ ಅವರ ಕಾರು ಒಂದೂವರೆ ತಿಂಗಳು ಆಟವಾಡಿಸಿದೆ. ನಾಗರಭಾವಿ, ವಿಜಯನಗರದ ಕಡೆಯ ಹೆಂಗಸರಿಗೆ ಕಾರು ಕಲಿಸುವ ಚೇತನಾಗೆ ಇರುವುದು ಇದೊಂದೇ ಗಾಡಿ, ಹದಿನಾಲ್ಕು ವರ್ಷದ್ದು. ಕಲಿಯುವವರು ಕ್ಲಚ್ ಬಿಟ್ಟು ಗಾಡಿ ಆಫ್ ಮಾಡಿದರೆಂದರೆ ಕೆಲವೊಮ್ಮೆ ಅದು ಮತ್ತೆ ಸ್ಟಾರ್ಟೇ ಆಗುವುದಿಲ್ಲ. ಟಕ್ ಎಂದು ಸುಮ್ಮನಾಗುತ್ತದೆ. ಹಿಂದೆ ಬಸ್ಸು, ಆಟೋಗಳ ಹಾರ್ನ್, ಒಳಗೆ ಅಳುಮುಖದ ಹೆಂಗಸು. ಎ.ಸಿ.ಯೂ ಹಾಗೇ, ಬಂದರೆ ಬಂತು. ಹತ್ತು ನಿಮಿಷ ಬಿಟ್ಟು ನೋಡಿದರೆ ಎರಡೂ ಏನೂ ಆಗೇ ಇಲ್ಲವೆಂಬಂತೆ ಸರಿಯಾಗಿರುತ್ತವೆ.

ಮುನಿಯಣ್ಣ ಪದ್ಧತಿಯಂತೆ ಓನರನ್ನು ಕೂರಿಸಿ ಕೀ ತಿರುಗಿಸಲು ಹೇಳಿದರು. ಚೇತನಾ ತಿರುಗಿಸಿದರು, ಹೂವಿನ ಹಾಗೆ ಸ್ಟಾರ್ಟ್ ಆಯಿತು. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಬಿಚ್ಚಿ ಹೊಸ ಬ್ರಷ್ ಹಾಕಿದರು. ಎ.ಸಿ.ಯಲ್ಲಿ ಲೀಕ್ ಹುಡುಕಿದರು, ಸಿಗಲಿಲ್ಲ. ತಾವೇ ಕೆಂಗೇರಿವರೆಗೆ ಓಡಿಸಿಕೊಂಡು ಹೋಗಿ ಬಂದರು, ದಾರಿಯುದ್ದಕ್ಕೂ ತಂಪು ಗಾಳಿ. ಮೂರು ಸಲ ಬಂದ ಕಾರು ಮೂರು ಸಲವೂ ಹೀಗೇ ಸಭ್ಯವಾಗಿ ನಡೆದುಕೊಂಡಿತು. ಮೂರನೇ ಸಲ ಅವರ ಬಾಯಿಂದ ಆ ಮಾತು ಬಂದೇಬಿಟ್ಟಿತು. “ಗಾಡೀಲಿ ಏನಿಲ್ಲ ಮೇಡಮ್. ನಿಮ್ ಸ್ಟೂಡೆಂಟ್ಸ್ ಕಾಲಲ್ಲಿದೆ.”

ಚೇತನಾ ಅದನ್ನು ನಂಬಿದರು. ಹೆಚ್ಚು ಸಲ ಕಾರು ನಿಲ್ಲಿಸುತ್ತಿದ್ದದ್ದು ಚಿಕ್ಕಲಕ್ಷ್ಮಮ್ಮ. ಮುನಿಯಣ್ಣ ಹೀಗೆಂದರೆಂದು ಅವರಿಗೆ ಮೆತ್ತಗೆ ಹೇಳಿದರು. ಚಿಕ್ಕಲಕ್ಷ್ಮಮ್ಮ ಮರುದಿನದಿಂದ ಬರಲಿಲ್ಲ. ಮಲ್ಲತ್ತಹಳ್ಳಿಯ ಹಳೇ ಒಕ್ಕಲು ಮನೆ ಅವರದು. ಜಮೀನಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ, ಮನೆ ಮುಂದೆ ಎರಡು ಕಾರು ನಿಂತಿವೆ, ಕೀ ಮಾತ್ರ ಗಂಡಸರ ಜೇಬಿನಲ್ಲಿ. ಕೆಂಗೇರಿಯಲ್ಲಿರುವ ತಂಗಿಯ ಮನೆಗೆ ಯಾರನ್ನೂ ಕಾಯದೆ ತಾವೇ ಓಡಿಸಿಕೊಂಡು ಹೋಗಬೇಕೆಂಬುದು ಅವರ ಆಸೆ. ಅದನ್ನು ಅಲ್ಲಿಗೇ ಬಿಟ್ಟುಬಿಟ್ಟರು.

ಅವರು ಬಿಟ್ಟರೂ ಕಾರು ನಿಲ್ಲುವುದನ್ನು ಬಿಡಲಿಲ್ಲ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ, ಇನ್ನೊಬ್ಬ ವಿದ್ಯಾರ್ಥಿನಿಯ ಕೈಯಲ್ಲಿ, ನಟ್ಟನಡುವೆ ಅರ್ಧ ಗಂಟೆ ನಿಂತಿತು. ಸೋಮವಾರ ಚೇತನಾ ಅಂಗಡಿಗೆ ಬಂದು, ಶನಿವಾರ ಗಾಡಿಯನ್ನು ಗುಜರಿಯವನಿಗೆ ಕೊಡುತ್ತಿದ್ದೇನೆ, ಗುರುವಾರದ ಲೈಸೆನ್ಸ್ ಟೆಸ್ಟ್ ಒಂದು ಹೇಗಾದರೂ ಮುಗಿದರೆ ಸ್ಕೂಲನ್ನೇ ಮುಚ್ಚುತ್ತೇನೆ ಎಂದರು. ಸಿಟ್ಟಿನಿಂದಲ್ಲ. ಸೋತ ದನಿಯಲ್ಲಿ.

ಅಂದು ಮುನಿಯಣ್ಣನಿಗೆ ಊಟ ಸೇರಲಿಲ್ಲ. ಕಾರಣ ತಿಳಿಯದೆ ಒಂದು ಗಾಡಿಯನ್ನೂ ಅವರು ಗುಜರಿಗೆ ಕಳಿಸಿದವರಲ್ಲ. ಕೂತು ಯೋಚಿಸುತ್ತಿದ್ದಾಗ ಹೊಳೆಯಿತು. ಓನರನ್ನು ಕೂರಿಸಿದ್ದೇನೋ ಸರಿ, ಆದರೆ ಡ್ರೈವಿಂಗ್ ಸ್ಕೂಲಿನ ಕಾರನ್ನು ಓಡಿಸುವವರು ಓನರಲ್ಲವಲ್ಲ! ಚೇತನಾ ಹದಿನೈದು ವರ್ಷದಿಂದ ಓಡಿಸುತ್ತಿದ್ದಾರೆ, ತಾವು ನಲವತ್ತು ವರ್ಷದಿಂದ. ಇಬ್ಬರ ಕಾಲಿಗೂ ಕೆಟ್ಟದಾಗಿ ಕ್ಲಚ್ ಬಿಡುವುದು ಗೊತ್ತೇ ಇಲ್ಲ. ಅಂದು ಸಂಜೆ ಅಂಗಡಿಯ ಮುಂದೆ, ಚೇತನಾ ಬಿಟ್ಟುಹೋಗಿದ್ದ ಕಾರನ್ನು ಬೇಕೆಂದೇ ಕೆಟ್ಟದಾಗಿ ಓಡಿಸಲು ಪ್ರಯತ್ನಿಸಿದರಂತೆ. ಆಗಲಿಲ್ಲ. ಹಾಗಾಗಿ ಚಿಕ್ಕಲಕ್ಷ್ಮಮ್ಮನ ಮನೆ ಹುಡುಕಿಕೊಂಡು ಹೋದರು.

“ನಾನ್ ಮುಟ್ಟಿದ್ರೆ ಕಾರ್ ಕೆಡುತ್ತೆ ಅಂದೋನು ನೀನೇ. ಈಗ ಕೆಡ್ಸಕ್ ಬಾ ಅಂತ ಕರಿಯಾಕ್ ಬಂದಿದ್ಯಾ?” ಎಂದು ಆಕೆ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು.

“ಹೂಂ ಕಣಮ್ಮ. ನೀವ್ ಕೆಡ್ಸಿದ್ರೇನೇ ನಾನ್ ರಿಪೇರಿ ಮಾಡಕ್ಕಾಗೋದು,” ಎಂದರು ಮುನಿಯಣ್ಣ.

ಹೀಗೆ ಈ ಮಂಗಳವಾರ ಬೆಳಗಿನ ಜಾವ ಮೂವರೂ ಕಾರಿನಲ್ಲಿದ್ದಾರೆ. ನಾಲ್ಕು ಸಲ ಕಾರು ಆಫ್ ಆಗುತ್ತದೆ, ನಾಲ್ಕು ಸಲವೂ ಸ್ಟಾರ್ಟ್ ಆಗುತ್ತದೆ. ಮುನಿಯಣ್ಣನ ಮುಖ ಸಪ್ಪಗಾಗುತ್ತಿದೆ. ಕೆರೆಯ ಏರಿಯ ಕಡೆಗೆ ಸ್ವಲ್ಪ ಏರು ಸಿಗುತ್ತದೆ. ಚಿಕ್ಕಲಕ್ಷ್ಮಮ್ಮ ಗಾಬರಿಯಿಂದ ಕ್ಲಚ್ಚನ್ನು ಒಮ್ಮೆಲೇ ಬಿಡುತ್ತಾರೆ. ಕಾರು ಎದೆ ನಡುಗುವಂತೆ ಜಗ್ಗಿ ನಿಲ್ಲುತ್ತದೆ. ಕೀ ತಿರುಗಿಸಿದರೆ ಟಕ್. ಮೀಟರಿನ ದೀಪಗಳೆಲ್ಲ ಮಂಕಾಗುತ್ತವೆ.

“ನೋಡಿದ್ಯಾ, ನನ್ ಕೈಗುಣಾನೇ ಹಿಂಗೆ,” ಎಂದು ಆಕೆ ಕೈ ಹಿಂದೆಗೆಯುತ್ತಾರೆ.

“ಯಾರೂ ಅಲ್ಲಾಡ್ಬೇಡಿ!” ಮುನಿಯಣ್ಣ ಆಗಲೇ ಕೆಳಗಿಳಿದಾಗಿದೆ. ಬಾನೆಟ್ ಎತ್ತಿಸಿ, ಆಕ್ಸಿಲರೇಟರಿನ ತೆಳ್ಳನೆಯ ವೈರನ್ನು ಹಿಡಿದು, ಮತ್ತೆ ಕೀ ತಿರುಗಿಸಿ ಎನ್ನುತ್ತಾರೆ. ಟಕ್. ಕೈ ಸುಟ್ಟುಕೊಂಡವರಂತೆ ಕೊಡವಿ ನಗಲು ಶುರು ಮಾಡುತ್ತಾರೆ. ವಾಕಿಂಗ್ ಬಂದವರು ನಿಂತು ನೋಡುತ್ತಾರೆ.

ವಿಷಯ ಇಷ್ಟೇ. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋದ ಕರೆಂಟ್ ವಾಪಸ್ಸು ಬರಲು ಎಂಜಿನ್ನಿಗೂ ಬಾಡಿಗೂ ನಡುವೆ ಒಂದು ದಪ್ಪ ವೈರು ಇರುತ್ತದೆ, ಅರ್ತಿಂಗ್ ವೈರು. ಆ ದಾರಿ ಕಡಿದಿದೆ. ಬೇರೆ ದಾರಿ ಕಾಣದ ಕರೆಂಟು ಆಕ್ಸಿಲರೇಟರ್ ವೈರಿನ ಮೂಲಕ ನುಸುಳಲು ನೋಡಿ ಅದನ್ನು ಕಾಯಿಸಿದೆ. ಎ.ಸಿ. ಕಂಪ್ರೆಸರ್ ಕೂತಿರುವುದೂ ಎಂಜಿನ್ನಿನ ಮೇಲೆಯೇ, ಅದಕ್ಕೂ ಇದೇ ದಾರಿ. ಮುನಿಯಣ್ಣ ಚೀಲದಿಂದ ಬೇರೊಂದು ದಪ್ಪ ವೈರು ತೆಗೆದು ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿಗೆ ಹಿಡಿಯುತ್ತಾರೆ. ಚಿಕ್ಕಲಕ್ಷ್ಮಮ್ಮ ಅಂಜುತ್ತಲೇ ಕೀ ತಿರುಗಿಸುತ್ತಾರೆ. ಒಂದೇ ಏಟಿಗೆ ಎಂಜಿನ್ ಹಿಡಿಯುತ್ತದೆ, ಹಿಂದೆಯೇ ಕಂಪ್ರೆಸರ್ ಕೂಡ.

ಅಂಗಡಿಯಲ್ಲಿ ಹಳೇ ವೈರು ಬಿಚ್ಚಿದರೆ ಹೊರಗಿನ ಕಪ್ಪು ಕವಚಕ್ಕೆ ಒಂದು ಗೀರೂ ಇಲ್ಲ. ಸೀಳಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು, ಕೂದಲಿನಂಥ ನಾಲ್ಕೇ ಎಳೆ ಉಳಿದಿವೆ. ಎಂಜಿನ್ ಕೂರುವ ರಬ್ಬರೂ ಸವೆದಿದೆ. ಕ್ಲಚ್ ಜಗ್ಗಿ ಬಿಟ್ಟಾಗ ಎಂಜಿನ್ ತೂಗಾಡಿ ವೈರನ್ನು ಎಳೆಯುತ್ತದೆ, ಎಳೆಗಳು ಬಿಡುತ್ತವೆ, ಆಮೇಲೆ ಹೇಗೋ ಕೂಡುತ್ತವೆ. ನಯವಾಗಿ ಓಡಿಸುವವರಿಗೆ ಇದು ಜನ್ಮದಲ್ಲಿ ಗೊತ್ತಾಗುವಂಥದ್ದಲ್ಲ.

ಹೊಸ ವೈರು, ಹೊಸ ರಬ್ಬರು ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಮುನಿಯಣ್ಣ ಕೈ ಒರೆಸಿಕೊಂಡು, ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದ ಚಿಕ್ಕಲಕ್ಷ್ಮಮ್ಮನ ಎದುರು ನಿಲ್ಲುತ್ತಾರೆ. “ಕಾಲಲ್ಲಿದೆ ಅಂದಿದ್ದೆ. ನನ್ ತಲೇಲಿತ್ತು ಅಮ್ಮ. ತಪ್ಪಾಯ್ತು.” ಬೀದಿಯಲ್ಲಿ, ಅಕ್ಕಪಕ್ಕದ ಅಂಗಡಿಯವರ ಎದುರಿಗೆ, ದನಿ ತಗ್ಗಿಸದೆ ಹೇಳುತ್ತಾರೆ. ಆಕೆ ಚೇತನಾ ಕಡೆ ತಿರುಗಿ, “ನಾಳೆ ಆರಕ್ಕೇ ಬರ್ಲಾ?” ಎಂದು ಕೇಳುತ್ತಾರೆ.

ಗುರುವಾರ ಹನ್ನೊಂದೂವರೆಗೆ ಆ ಬಿಳಿ ಕಾರು, ಗಾಜು ಏರಿಸಿಕೊಂಡು, ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಇಳಿಯುವವರು ಚಿಕ್ಕಲಕ್ಷ್ಮಮ್ಮ. ಕ್ಲಾಸು ಬಿಡುವ ಮುಂಚೆಯೇ ದಿನ ಗೊತ್ತಾಗಿದ್ದ ಲೈಸೆನ್ಸ್ ಟೆಸ್ಟಿನಲ್ಲಿ, ಇನ್‌ಸ್ಪೆಕ್ಟರ್ ಪಕ್ಕದಲ್ಲೇ ಕೂತಿದ್ದಾಗ ಒಂದು ಸಲ ಆಫ್ ಮಾಡಿದರಂತೆ. ಕೀ ತಿರುಗಿಸಿದ್ದೇ ಸ್ಟಾರ್ಟ್ ಆಯಿತಂತೆ. ಪಾಸು. ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಎಂದಾಯಿತು ಎನ್ನುವ ಚೇತನಾ, ಹೇಳುತ್ತಾ ಹೇಳುತ್ತಾ ಅತ್ತುಬಿಡುತ್ತಾರೆ. ಮುನಿಯಣ್ಣನಿಗೆ ಅಳುವವರನ್ನು ಕಂಡರೆ ದಿಕ್ಕು ತೋಚುವುದಿಲ್ಲ. ಬಾನೆಟ್ ಎತ್ತಿ, ಸರಿಯಾಗಿಯೇ ಇರುವ ವೈರನ್ನು ಇನ್ನೊಮ್ಮೆ ಬಿಗಿ ಮಾಡುತ್ತಾರೆ.

ಅಷ್ಟರಲ್ಲಿ ಹಳೇ ಕಾರೊಂದರಲ್ಲಿ ಗಂಡಸೊಬ್ಬರು ಬರುತ್ತಾರೆ. ಬಸವೇಶ್ವರನಗರದವರು. ಇಳಿಯುವ ಮುಂಚೆಯೇ ದೂರು ಶುರು: “ಏನಿಲ್ಲಣ್ಣ, ನಾನ್ ಓಡಿಸ್ದಾಗ ಎ.ಸಿ. ಸಖತ್ತಾಗಿರುತ್ತೆ. ನನ್ ಹೆಂಡ್ತಿ ತಗೊಂಡ್ ಹೋದ್ರೆ ಮಾತ್ರ ನಿಂತ್ಹೋಗುತ್ತೆ ಅಂತಾಳೆ. ಅವ್ಳಿಗೆ ಸರಿಯಾಗಿ ಓಡ್ಸಕ್ ಬರಲ್ಲ ಬಿಡಿ.”

ಮುನಿಯಣ್ಣ ಬಲಗಿವಿ ಕೊಟ್ಟು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಬಾನೆಟ್ ಕಡೆ ಕಣ್ಣು ಕೂಡ ಹಾಯಿಸುವುದಿಲ್ಲ.

“ಹಂಗಾದ್ರೆ ನೀವ್ಯಾಕ್ ಬಂದ್ರಿ ಸಾರ್? ಮೇಡಮ್‌ನ ಕಳ್ಸಿ.”