ಮಾರಮ್ಮ ಉಜ್ಜಿದ ಕರಿ ಕಾರು

ಹೊಳೆನರಸೀಪುರದಲ್ಲಿ ತನ್ನಷ್ಟು ಚೆನ್ನಾಗಿ ಪಾತ್ರೆ ಉಜ್ಜುವವರು ಇನ್ನೊಬ್ಬರಿಲ್ಲ ಎಂದು ಮಾರಮ್ಮ ತಾನೇ ಹೇಳುತ್ತಿದ್ದಳು. ಇಲ್ಲವೆನ್ನಲು ಯಾರೂ ಬಾಯಿ ತೆರೆಯುತ್ತಿರಲಿಲ್ಲ.

ಕಟ್ಟಾಯದಿಂದ ಮದುವೆಯಾಗಿ ಬಂದ ವರ್ಷವೇ ಅವಳು ಪೇಟೆಯ ಕಲ್ಯಾಣ ಮಂಟಪದ ಹಿತ್ತಿಲಿಗೆ ಕೆಲಸಕ್ಕೆ ಸೇರಿದಳು. ಅಲ್ಲಿ ನಲ್ಲಿಯ ಕೆಳಗೆ ಒಂದು ಕಲ್ಲುಕಟ್ಟೆ. ಅನ್ನದ ಕೊಪ್ಪರಿಗೆ, ಸಾರಿನ ಹಂಡೆ, ಪಾಯಸ ತಳ ಹಿಡಿದ ದಬರಿ ಎಲ್ಲವೂ ಆ ಕಟ್ಟೆಗೆ ಬಂದು ಬೀಳುತ್ತಿದ್ದವು. ತೆಂಗಿನ ನಾರು, ಒಲೆಯ ಬೂದಿ, ಮೈಭಾರವನ್ನೆಲ್ಲ ಅಂಗೈಗೆ ಇಳಿಸುವ ವರಸೆ. ಇಷ್ಟರಲ್ಲೇ ಅವಳು ಸಂಸಾರ ತೂಗಿಸಿದಳು. ಗಾರೆ ಕೆಲಸದ ಗಂಡ ಬೈರಯ್ಯನ ಸೊಂಟ ಹಿಡಿದುಕೊಂಡ ಮೇಲೆ ಮನೆಯ ನೊಗ ಒಬ್ಬಳೇ ಹೊತ್ತಳು, ಮಗಳು ಶೋಭಿತಾಳನ್ನು ಓದಿಸಿದಳು. ಎಷ್ಟು ಮದುವೆಗಳಿಗೆ ಹೋಗಿದ್ದಳೋ ಲೆಕ್ಕವಿಲ್ಲ. ಒಂದರಲ್ಲೂ ವಧೂವರರ ಮುಖ ಕಂಡಿರಲಿಲ್ಲ. ವಾದ್ಯ ಜೋರಾದಾಗ ತಾಳಿ ಕಟ್ಟುತ್ತಿದ್ದಾರೆಂದು ತಿಳಿಯುತ್ತಿತ್ತು. ಇನ್ನು ಎಲೆ ಹಾಕುತ್ತಾರೆ ಎಂದುಕೊಂಡು ಸೆರಗನ್ನು ಸೊಂಟಕ್ಕೆ ಸಿಗಿಸಿ ಕಟ್ಟೆಯ ಮೇಲೆ ಕೂರುತ್ತಿದ್ದಳು.

ಶೋಭಿತಾಗೆ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ ಮೇಲೆ ಮಾರಮ್ಮ ಆ ಕಟ್ಟೆ ಬಿಟ್ಟಳು. ಆಮೇಲೆ ಕಾರು ಬಂತು. ಹೊಸದಲ್ಲ, ಹಾಸನದಲ್ಲಿ ಯಾರೋ ಓಡಿಸಿ ಬಿಟ್ಟದ್ದು. ಬಿಳಿಯದೊಂದಿತ್ತು, ಕರಿಯದೊಂದಿತ್ತು. ಬೀದಿಯವರೆಲ್ಲ ಬಿಳಿಯದನ್ನೇ ತೆಗೆದುಕೊಳ್ಳಿ ಎಂದರು. ಎದುರುಮನೆಯ ಸುಬ್ಬಮ್ಮ, “ಕಪ್ಪು ಬ್ಯಾಡ ಕಣವ್ವ, ಕೊಳೆ ಇದ್ದಂಗೆ ಕಾಣ್ತದೆ,” ಎಂದಳು.

“ಕಪ್ಪು ಅಂದ್ರೆ ಕೊಳೆಯಾ?” ಎಂದು ಮಾರಮ್ಮ ತನ್ನ ಮುಂಗೈ ನೋಡಿಕೊಂಡಳು. ಆಮೇಲೆ ಮಗಳ ಕಡೆ ತಿರುಗಿ, “ಕರೀದೇ ತಗಾ ಮಗ. ನಮ್ಮನೆಗೆ ಒಪ್ತದೆ,” ಎಂದಳು.

ಡ್ಯಾಶ್‌ಬೋರ್ಡಿನ ಮೇಲೆ ಶೋಭಿತಾ ಪುಟ್ಟದೊಂದು ಬುದ್ಧನ ಮೂರ್ತಿ ಅಂಟಿಸಿದಳು. ಮುಂದಿನ ಬಂಪರಿಗೆ ಮಾರಮ್ಮ ನಿಂಬೆಹಣ್ಣು ಕಟ್ಟಿದಳು. ಇಬ್ಬರೂ ಒಬ್ಬರದನ್ನೊಬ್ಬರು ಮುಟ್ಟಲಿಲ್ಲ.

ಮೊದಲ ಭಾನುವಾರವೇ ಅನಾಹುತವಾಯಿತು. ಮಗಳು ಡ್ಯೂಟಿಗೆ ನಡೆದು ಹೋದದ್ದೇ ತಡ, ಮಾರಮ್ಮ ನಾರು ಮತ್ತು ಬೂದಿ ಹಿಡಿದು ಕಾರಿನ ಮುಂದೆ ನಿಂತಳು. ತನ್ನ ಮನೆಯ ಬಾಗಿಲಿಗೆ ಇಷ್ಟು ದೊಡ್ಡ ವಸ್ತು ಬಂದಿದ್ದು ಇದೇ ಮೊದಲು. ಬೇರೆಯವರ ಹಂಡೆಗೆ ಹಾಕಿದ ಶಕ್ತಿಗಿಂತ ಒಂದು ಪಾಲು ಹೆಚ್ಚೇ ಹಾಕಿ ಉಜ್ಜಿದಳು. ನೀರು ಸುರಿದಾಗ ಕಾರು ಮಳೆಗಾಲದ ಬಂಡೆಯಂತೆ ಮಿನುಗಿತು. ನೀರು ಆರಿ ಬಿಸಿಲು ಬಿದ್ದಾಗ ಮೈಯೆಲ್ಲ ಜೇಡರ ಬಲೆ. ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲೆ, ಎಲ್ಲಿ ನೋಡಿದರೂ ಅವಳ ಕೈ ಸುತ್ತಿದ ಸುತ್ತುಗಳೇ ಗೀರಾಗಿ ನಿಂತಿದ್ದವು.

ಸಂಜೆ ಶೋಭಿತಾ ಹೆಗಲ ಮೇಲಿನ ಬ್ಯಾಗು ಇಳಿಸದೆ ಕಾರನ್ನು ಒಂದು ಸುತ್ತು ಹಾಕಿ ಬಂದಳು.

“ಏನಾರ ಅನ್ನು ಮಗ. ಒಳ್ಗೆ ಇಟ್ಕಬ್ಯಾಡ,” ಎಂದ ಬೈರಯ್ಯ.

“ಅದು ತಪ್ಪಲೆ ಅಲ್ಲ ಕಣವ್ವ,” ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಬೈದಿದ್ದರೆ ಮಾರಮ್ಮ ತಿರುಗಿ ಬೈಯುತ್ತಿದ್ದಳು. ಆ ಒಂದು ಮಾತು ಕೇಳಿ ನಾರನ್ನೂ ಬೂದಿಯನ್ನೂ ಎತ್ತಿ ಒಳಗಿಟ್ಟಳು.

ಅದೇ ವಾರ ಆಸ್ಪತ್ರೆಯ ನರ್ಸ್ ಮೇಘಶ್ರೀ ಮದುವೆಯ ಕರೆಯೋಲೆ ಕೊಡಲು ಮನೆಗೇ ಬಂದಳು. ಚನ್ನರಾಯಪಟ್ಟಣದ ಕಡೆಯ ಜಮೀನ್ದಾರರ ಮಗಳು, ಮಾತು ಮೆತ್ತಗೆ. “ಅಮ್ಮನ್ನ ಕರಕೊಂಡೇ ಬರಬೇಕು ಶೋಭಿತಾ,” ಎಂದು ಮಾರಮ್ಮನ ಕೈ ಹಿಡಿದಳು. ಮದುವೆ ಅದೇ ಕಲ್ಯಾಣ ಮಂಟಪದಲ್ಲಿ.

ಮೇಘಶ್ರೀ ಬೀದಿ ದಾಟುವ ಮೊದಲೇ ಸುಬ್ಬಮ್ಮ ಬಂದು ಜಗುಲಿಯ ಮೇಲೆ ಕೂತಳು. “ಕಾರಲ್ಲೇ ಓಗ್ತೀರೇನೋ?”

“ಊಂ. ಮುಂದ್ಲ ಗೇಟಲ್ಲೇ,” ಎಂದಳು ಮಾರಮ್ಮ.

ಸುಬ್ಬಮ್ಮ ಬಾನೆಟ್ಟಿನ ಗೀರುಗಳನ್ನು ನೋಡಿ ತುಟಿ ಓರೆ ಮಾಡಿದಳು. “ಓಗವ್ವ, ಓಗು. ನೀ ಬಾಯ್ಬುಡದಿದ್ರೂ ಆ ಕಾರೇ ಏಳ್ಬುಡ್ತದೆ ನೀನ್ಯಾರು ಅಂತ.”

ಆ ಮಾತು ಮಾರಮ್ಮನ ಎದೆಯಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ತಾನು ಪಾತ್ರೆ ಉಜ್ಜಿದವಳು ಎಂಬುದರಲ್ಲಿ ಅವಳಿಗೆ ಕೊಂಚವೂ ನಾಚಿಕೆ ಇರಲಿಲ್ಲ. ತನ್ನ ಕೈ ಕೆಲಸ ಕೆಡಿಸಿತು ಎಂದು ಊರು ನಗುವುದನ್ನು ಮಾತ್ರ ಅವಳು ಸಹಿಸಳು. ಶೋಭಿತಾ ಹಾಸನದ ಪಾಲಿಶ್ ಅಂಗಡಿಗೆ ಬಿಟ್ಟು ಬರುತ್ತೇನೆ ಎಂದಾಗ ಕಾರಿಗೆ ಅಡ್ಡ ನಿಂತಳು.

“ಕೆಡಿಸ್ದೋಳು ನಾನು. ಸರಿ ಮಾಡೋಳೂ ನಾನೇ. ಅಲ್ಲೀಗಂಟ ಈ ಕಾರಲ್ಲಿ ಕೂರಾಕಿಲ್ಲ, ಮದ್ವೆಗೂ ಬರಾಕಿಲ್ಲ.”

“ಕೈಯಲ್ಲಿ ಓಗದಲ್ಲ ಅದು. ಮಿಷನ್ ಬೇಕು.”

“ಮಿಷನ್ನೇ ತಗಳಾವ.”

ಕಾರಿನಲ್ಲಿ ಕೂರುವುದಿಲ್ಲ ಎಂದ ಮೇಲೆ ಹಾಸನಕ್ಕೆ ಇಬ್ಬರೂ ಬಸ್ಸಿನಲ್ಲೇ ಹೋದರು.

ಟೂಲ್ಸ್ ಅಂಗಡಿಯ ಹರ್ಷವರ್ಧನ್ ಎರಡು ಯಂತ್ರಗಳನ್ನು ತಂದು ಶೋಭಿತಾಳ ಮುಂದಿಟ್ಟ. “ಇದು ರೋಟರಿ ಮೇಡಂ. ತಟ್ಟೆ ಒಂದೇ ಸಮ ಗಿರ್ರನೆ ಸುತ್ತುತ್ತೆ, ಗೀರು ಬೇಗ ತೆಗೆಯುತ್ತೆ. ಇದು ಡ್ಯುಯಲ್ ಆಕ್ಷನ್. ಸುತ್ತುತ್ತಾನೇ ಅತ್ತಿತ್ತ ಓಲಾಡುತ್ತೆ, ಸ್ವಲ್ಪ ನಿಧಾನ. ಹಿಡಿಯೋರು ಯಾರು, ನಿಮ್ಮ ತಮ್ಮನಾ?”

“ನಮ್ಮವ್ವ.”

ಅವನು ಮಾರಮ್ಮನ ಕಡೆ ನೋಡಿದ. “ಇಷ್ಟೆಲ್ಲ ಯಾಕಮ್ಮ? ಕಾರು ಕಳಿಸಿ, ನಮ್ಮ ಹುಡುಗರು ಸಂಜೆಗೆ ಮಾಡಿ ಕೊಡ್ತಾರೆ.”

“ನಾನ್ ಉಜ್ಜಿದ್ದನ್ನ ನಿಮ್ಮುಡುಗ್ರು ಯಾಕ್ ಬಿಡಿಸ್ಬೇಕು ಸಾ?” ಎಂದು ಮಾರಮ್ಮ ರೋಟರಿಯನ್ನು ಎತ್ತಿಕೊಂಡಳು. ಭಾರವಾಗಿತ್ತು, ಆ ಭಾರ ಅವಳಿಗೆ ಹಿಡಿಸಿತು. “ಇದೇ ಇರ್ಲಿ. ಇದ್ರಲ್ಲಿ ಕಸುವದೆ.”

“ಅವ್ವ, ಇನ್ನೊಂದ ನೋಡು. ಕಲಿಯೋರಿಗೆ ಅದೇ ಒಳ್ಳೇದಂತೆ,” ಎಂದಳು ಶೋಭಿತಾ. ಮಾರಮ್ಮ ಕೇಳಲಿಲ್ಲ.

ಗಿರಾಕಿಗಳು ಪರೀಕ್ಷೆ ಮಾಡಲೆಂದು ಅಂಗಡಿಯ ಬಾಗಿಲಲ್ಲಿ ಹಳೆಯ ಕೆಂಪು ಬಾನೆಟ್ಟೊಂದನ್ನು ಮೇಜಿನ ಮೇಲೆ ಮಲಗಿಸಿದ್ದರು. ಸ್ವಿಚ್ ಒತ್ತಿದೊಡನೆ ಯಂತ್ರ ಹಗ್ಗ ಬಿಚ್ಚಿದ ಹೋರಿಯಂತೆ ಪಕ್ಕಕ್ಕೆ ಎಳೆಯಿತು. ಮಾರಮ್ಮ ಬಿಡುವವಳಲ್ಲ; ಕಾಲು ಊರಿ, ಕೊಪ್ಪರಿಗೆಯ ತಳಕ್ಕೆ ಒತ್ತುವಂತೆ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾನೆಟ್ಟಿನ ಉಬ್ಬಿದ ಏಣಿನ ಮೇಲೆ ಕೆಂಪು ಹೋಗಿ ಬೂದು ಬಂತು, ಬೂದು ಹೋಗಿ ತಗಡು ಬಂತು. ಸುಟ್ಟ ವಾಸನೆ ಎದ್ದಿತು.

ಸ್ಕ್ರೂ ಕೊಳ್ಳಲು ನಿಂತಿದ್ದವನೊಬ್ಬ, “ಅಜ್ಜಿ, ರೊಟ್ಟಿ ಸೀದೋಯ್ತು,” ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮಾರಮ್ಮನ ಕಿವಿ ಬಿಸಿಯಾಯಿತು. ಯಂತ್ರ ಇಟ್ಟು ಹೊರಟುಬಿಡುತ್ತಾಳೆ ಎಂದು ಶೋಭಿತಾ ಅಂದುಕೊಂಡಳು. ಮಾರಮ್ಮ ಕದಲಲಿಲ್ಲ. ತಗಡು ಕಂಡ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು.

“ನಮ್ ಕಾರಿಗೆ ಇಂಗಾಗಿದ್ರೆ?”

“ಬಣ್ಣ ಹೊಡೆಸಬೇಕಿತ್ತು,” ಎಂದ ಹರ್ಷವರ್ಧನ್.

“ಆ ಇನ್ನೊಂದ್ರಲ್ಲಿ ಕೈ ತಪ್ಪಿದ್ರೆ?”

“ಅದು ಬೇಗ ಸುಡಲ್ಲಮ್ಮ. ಸಣ್ಣಪುಟ್ಟ ತಪ್ಪನ್ನ ತಡ್ಕೊಳ್ಳುತ್ತೆ.”

“ಅಂಗಾದ್ರೆ ಅದ್ನೇ ಕೊಡಿ. ಇದು ನನ್ನಂಗೇ ಮುಂಗೋಪಿ. ಮನೇಲಿ ಒಂದ್ ಸಾಕು.”

ಈ ಸಲ ಅಂಗಡಿಯಲ್ಲಿದ್ದವರು ಅವಳ ಜೊತೆ ಸೇರಿ ನಕ್ಕರು. ಹರ್ಷವರ್ಧನ್ ಸ್ಪಂಜಿನ ತಟ್ಟೆಗಳನ್ನೂ ಪಾಲಿಶ್ ಮುಲಾಮನ್ನೂ ಕಟ್ಟಿಕೊಟ್ಟ. ಬಿಸಿಲಲ್ಲಿ ಮಾಡಬೇಡಿ, ಮೊದಲು ಒಂದು ಸಣ್ಣ ಜಾಗದಲ್ಲಿ ಮಾಡಿ ನೋಡಿ ಎಂದು ಎಚ್ಚರ ಹೇಳಿದ.

ಮರುದಿನ ಬೆಳಿಗ್ಗೆ ಬೀದಿಯ ಹೊಂಗೆಮರದ ನೆರಳಿಗೆ ಕಾರು ಬಂತು. ಶೋಭಿತಾ ಅದನ್ನು ಮೆದು ಬಟ್ಟೆಯಲ್ಲಿ ತೊಳೆದು ಒಣಗಿಸಿದಳು. ವೈರು ಕಾರಿಗೆ ತಾಗದಂತೆ ಬೈರಯ್ಯ ಹೆಗಲ ಮೇಲೆ ಹಾಕಿಕೊಂಡು, ಹಸು ಮೇಯಿಸುವವನ ಹಾಗೆ ಹೆಂಡತಿಯ ಹಿಂದೆ ನಿಂತ. ಮಾರಮ್ಮ ಬಾನೆಟ್ಟಿನ ಒಂದು ಮೂಲೆಗೆ ಮುಲಾಮು ಹಚ್ಚಿ ಯಂತ್ರ ಚಾಲೂ ಮಾಡಿದಳು. ಅದು ಜೇನುಗೂಡಿನಂತೆ ಗುಂಯ್ ಎಂದಿತು. ಎಷ್ಟು ಹೊತ್ತು ಉಜ್ಜಿದರೂ ಗೀರು ಕದಲಲಿಲ್ಲ.

“ಒತ್ಬ್ಯಾಡ ಅವ್ವ. ಒತ್ತಿದ್ರೆ ತಟ್ಟೆ ಸುತ್ತೋದು ನಿಂತೋಗ್ತದೆ.”

“ಸುತ್ತುತಾನೇ ಅದಲ್ಲ. ಕೈಗೆ ಗೊತ್ತಾಯ್ತದೆ.”

“ನಡುಗ್ತಾ ಅದೆ ಅಷ್ಟೆ.”

ತಾಯಿ ಮಗಳ ಜಗಳ ಏರುವುದನ್ನು ಕಂಡ ಬೈರಯ್ಯ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದ. ಬೆರಳಿಗೆ ಸುಣ್ಣ ಹಚ್ಚಿಕೊಂಡು ತಟ್ಟೆಯ ಅಂಚಿಗೆ ಒಂದು ಚುಕ್ಕೆ ಇಟ್ಟ. “ಈಗ ಮಾಡು. ಚುಕ್ಕೆನೇ ಏಳ್ತದೆ ಯಾರ್ ಸರಿ ಅಂತ.”

ಮಾರಮ್ಮ ಒತ್ತಿದಳು. ಸುಣ್ಣದ ಚುಕ್ಕೆ ನಿಂತಲ್ಲೇ ನಡುಗಿತು, ಸುತ್ತಲಿಲ್ಲ. ಅವಳು ದುರುಗುಟ್ಟಿ ನೋಡಿದಳು, ಅದು ಹೆದರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ತುಸು ಕೈ ಸಡಿಲಿಸಿದಳು. ಚುಕ್ಕೆ ಎಳೆದುಕೊಂಡು ಹೋಗಿ ಗೆರೆಯಾಯಿತು. ಇನ್ನೂ ಸಡಿಲಿಸಿದಳು. ತಟ್ಟೆಯ ಸುತ್ತ ಒಂದು ಬಿಳಿ ಬಳೆ ಮೂಡಿತು.

ಜನ್ಮವೆಲ್ಲ ಅವಳಿಗೆ ಅನ್ನ ಕೊಟ್ಟದ್ದು ಒತ್ತುವ ಕೈ. ಕೈ ಹಗುರ ಮಾಡುವುದೆಂದರೆ ಅವಳ ಲೆಕ್ಕದಲ್ಲಿ ಮೈಗಳ್ಳತನ. ಈಗ ಆ ಬಿಳಿ ಬಳೆ ಮುರಿಯದಂತೆ ಕೈ ಹಗುರ ಹಿಡಿಯುವುದೇ ಕೆಲಸವಾಯಿತು. ಮರೆತು ಒತ್ತಿದಾಗಲೆಲ್ಲ ಚುಕ್ಕೆ ಕಾಣುತ್ತಿತ್ತು, “ಥೂ ನಿನ್ನ,” ಎಂದು ಅದಕ್ಕೇ ಬೈದು ಸಡಿಲಿಸುತ್ತಿದ್ದಳು. ಬಟ್ಟೆಯಿಂದ ಮುಲಾಮು ಒರೆಸಿದಾಗ ಆ ಮೂಲೆಯಲ್ಲಿ ಹೊಂಗೆಯ ಒಂದು ರೆಂಬೆ ಎಲೆಎಲೆಯಾಗಿ ಕಾಣಿಸಿತು. ಶೋಭಿತಾ ತಾಯಿಯ ಮುಖ ನೋಡಿದಳು. ಮಾರಮ್ಮ ಅಷ್ಟರಲ್ಲಿ ಪಕ್ಕದ ಜಾಗಕ್ಕೆ ಮುಲಾಮು ಹಚ್ಚುತ್ತಿದ್ದಳು.

ರಜೆ ಇದ್ದಾಗ, ಕರೆಂಟು ಇದ್ದಾಗ, ನೆರಳು ಇದ್ದಾಗ ಕೆಲಸ ಸಾಗಿತು. ಕೊನೆಗೆ ಉಳಿದದ್ದು ಡ್ರೈವರ್ ಬಾಗಿಲ ಮೇಲಿನ ಒಂದೇ ಗೀರು. ಬೂದಿಯಲ್ಲಿ ಇದ್ದಿಲ ಚೂರೋ ಕಲ್ಲೋ ಇದ್ದಿರಬೇಕು. ಶೋಭಿತಾ ಅದರ ಮೇಲೆ ಉಗುರು ಎಳೆದಳು, ಉಗುರು ಸಿಕ್ಕಿಕೊಂಡಿತು. “ಇದು ಆಳಕ್ಕಿಳಿದದೆ ಅವ್ವ. ಇನ್ನೂ ಉಜ್ಜಿದ್ರೆ ಬಣ್ಣನೇ ಓಯ್ತದೆ.”

“ಇರ್ಲಿ ಬುಡು,” ಎಂದು ಮಾರಮ್ಮ ಸ್ವಿಚ್ ಆರಿಸಿದಳು. “ನಾನ್ ಉಜ್ಜಿದ್ದು ಅನ್ನಾಕೆ ಒಂದ್ ಗುರ್ತು ಬ್ಯಾಡ್ವಾ?”

ಸುಬ್ಬಮ್ಮ ನೋಡಲು ಬಂದಳು. ಬಾನೆಟ್ಟಿನ ಮುಂದೆ ನಿಂತು ತನಗೇ ತಿಳಿಯದೆ ಬೈತಲೆ ಸರಿಮಾಡಿಕೊಂಡಳು.

“ಕೊಳೆ ಕಾಣ್ತದಾ ಸುಬ್ಬಮ್ಮ?” ಎಂದು ಮಾರಮ್ಮ ಕೇಳಿದಳು. ಸುಬ್ಬಮ್ಮ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೊರಟಳು.

ಮದುವೆಯ ದಿನ ಮಾರಮ್ಮ ಮಗಳ ಪಕ್ಕದಲ್ಲಿ ಮುಂದಿನ ಸೀಟಿನಲ್ಲಿ ಕೂತಳು. ಬೈರಯ್ಯ ಹಿಂದೆ. ಮಂಟಪದ ಮುಂದಿನ ಗೇಟಿನೊಳಗೆ ಕಾರು ನುಗ್ಗಿದಾಗ ಹಳೆಯ ವಾಚ್‌ಮನ್ ಈಶ್ವರಯ್ಯ ಕೈ ಅಡ್ಡ ಹಿಡಿದ. ಬಗ್ಗಿ ಒಳಗೆ ನೋಡಿ ಗುರುತು ಹಿಡಿದು ಹಿತ್ತಿಲ ಕಡೆ ಕೈ ತೋರಿಸಿದ. “ಓ, ಮಾರಮ್ಮ. ಇತ್ಲಿಗೆ ಓಗ್ಬೇಕು.”

“ಯಾಕಣ್ಣ, ನಾವೂ ಮದ್ವೆಗೇ ಬಂದಿರಾದು.”

“ಅಯ್ಯೋ ಮಾರಾಯ್ತಿ, ಕಾರ್ ನಿಲ್ಸಾದು ಇತ್ಲಲ್ಲಿ ಕಣವ್ವ. ಯಜಮಾನ್ರದೂ ಅಲ್ಲೇ ಅದೆ.”

ಹೀಗೆ ಕರಿ ಕಾರು ಮಂಟಪವನ್ನು ಬಳಸಿಕೊಂಡು ಹೋಗಿ ಆ ಕಲ್ಲುಕಟ್ಟೆಯ ಪಕ್ಕದಲ್ಲೇ ನಿಂತಿತು. ತಿಂಡಿಯ ಪಾತ್ರೆ ಉಜ್ಜುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಹಂಡೆ, ನಲ್ಲಿ, ನಾರು, ಅವರ ಮುಖಗಳು ಎಲ್ಲವೂ ಬಾಗಿಲ ಕಪ್ಪಿನಲ್ಲಿ ಬಿದ್ದು ಅಲುಗಾಡಿದವು.

“ಕನ್ನಡಿ ಇದ್ದಂಗದೆ ಕಣಕ್ಕ,” ಎಂದಳು ಅವರಲ್ಲೊಬ್ಬಳು. “ಯಾರ್ ಉಜ್ಜಿದ್ದು?”

“ನಾನೇ.”

ಒಳಗಿನಿಂದ ವಾದ್ಯ ಜೋರಾಯಿತು. ಮಾರಮ್ಮನ ಕೈ ರೂಢಿಯಂತೆ ಸೆರಗಿಗೆ ಹೋಗಿ ಅದನ್ನು ಸೊಂಟಕ್ಕೆ ಸಿಗಿಸಿತು. ಕಟ್ಟೆಯ ಎದುರೇ ಅಡುಗೆಮನೆಯ ಬಾಗಿಲು ತೆರೆದಿತ್ತು. ಅಲ್ಲಿಂದ ಮಂಟಪಕ್ಕೆ ನಾಲ್ಕು ಹೆಜ್ಜೆ.

“ಇಲ್ಲೇ ನುಗ್ಬುಡಾವ ಅವ್ವ. ತಾಳಿ ಕಟ್ಟೋದು ತಪ್ಪೋಯ್ತದೆ,” ಎಂದಳು ಶೋಭಿತಾ.

ಮಾರಮ್ಮ ಆ ಬಾಗಿಲನ್ನು ಒಮ್ಮೆ ನೋಡಿದಳು. ಸೆರಗನ್ನು ಸೊಂಟದಿಂದ ಬಿಡಿಸಿ ಹೆಗಲ ಮೇಲೆ ಇಳಿಬಿಟ್ಟಳು.

“ತಪ್ಲಿ. ಇನ್ನೊಂದ್ ಮದ್ವೆ ಬತ್ತದೆ,” ಎಂದು ಮಂಟಪವನ್ನು ಸುತ್ತುಹಾಕಿ ಮುಂಬಾಗಿಲ ಕಡೆಗೆ ನಡೆದಳು. ವಾದ್ಯ ಇನ್ನೂ ಏರುತ್ತಿತ್ತು. ಅವಳು ಅವಸರ ಮಾಡಲಿಲ್ಲ.