ಮೂರನೇ ಸಾಲಿನಿಂದ ಬಂದ ಮಾತು

ರಾಣಿಯ ವೇಷದಲ್ಲಿದ್ದ ಒಂಬತ್ತನೇ ತರಗತಿಯ ರೇಣುಕಾ ವೇದಿಕೆಯ ನಡುವೆ ಮಾತು ಮರೆತು ನಿಂತಳು. ಪರದೆಯ ಮರೆಯಿಂದ ಮಾತು ಎತ್ತಿಕೊಡಬೇಕಿದ್ದ ಅವಳ ಕನ್ನಡ ಟೀಚರ್ ನಾನು. ಗಾಬರಿಯಲ್ಲಿ ನಾಟಕದ ಪುಟಗಳನ್ನೆಲ್ಲ ನೆಲಕ್ಕೆ ಚೆಲ್ಲಿಬಿಟ್ಟೆ. ಸಭೆಯಲ್ಲಿ ಆಗಲೇ ನಗು ಶುರುವಾಗಿತ್ತು.

ಅಷ್ಟರಲ್ಲಿ ಮೂರನೇ ಸಾಲಿನಿಂದ ಒಂದು ಹೆಣ್ಣುದನಿ ರಾಣಿಯ ಮಾತನ್ನು ಒಂದಕ್ಷರ ತಪ್ಪದೆ ಗಟ್ಟಿಯಾಗಿ ಹೇಳಿತು. ರೇಣುಕಾ ಅದನ್ನು ಹಿಡಿದುಕೊಂಡಳು. ನಾಟಕ ಮುಂದೆ ಸಾಗಿತು.

ಅದು ಅವಳ ತಾಯಿಯ ದನಿ. ವಿಜಯಪುರದ ಕಡೆಯವರು, ಇಲ್ಲಿ ಮುಂಬಯಿಯ ವಿಕ್ರೋಳಿಯಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಪಾಲಕರ ಸಭೆಗೆ ಬಂದರೆ ಹೆಬ್ಬೆಟ್ಟು ಒತ್ತಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರು. ಓದು ಬಾರದವರಿಗೆ ಏನು ಹೇಳುವುದೆಂದು ನಾನೂ ಮಾತಾಡಿಸುತ್ತಿರಲಿಲ್ಲ.

ನಾಟಕ ಮುಗಿದ ಮೇಲೆ, ಅಷ್ಟೆಲ್ಲ ಹೇಗೆ ಬಾಯಿಪಾಠವಾಯಿತೆಂದು ಕೇಳಿದೆ.

"ದಿನಾ ಅಕಿ ಓದಿ ಹೇಳ್ತಿದ್ಲು, ನಾ ರೊಟ್ಟಿ ಬಡಕೋತ ಕಲ್ತೇನ್ರಿ. ಮನ್ಯಾಗ ಅಕಿ ಒಬ್ಬಾಕಿ ರಾಣಿ ಆದ್ರ, ಉಳಿದವ್ರೆಲ್ಲಾ ನಾನ ರೀ ಟೀಚರ್!"

ಮುಂದಿನ ವರ್ಷದ ನಾಟಕಕ್ಕೆ ಪರದೆಯ ಮರೆಯ ನನ್ನ ಜಾಗದಲ್ಲಿ ನಿಲ್ಲಲು ಅವರನ್ನು ಈಗಲೇ ಒಪ್ಪಿಸಿದ್ದೇನೆ. ಅವರ ಕೈಯಿಂದ ಪುಟಗಳು ಚೆಲ್ಲುವ ಭಯವಿಲ್ಲ.