ಕಂಬಳಿ ಬೀರುವಿನ ಕಾವಲುಗಾರರು
ಚರ್ಚಿನ ಉಗ್ರಾಣ ನೋಡಿಕೊಳ್ಳುವ ಹಿರಿಯರೆಂದರೆ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಬಾಯಲ್ಲಿ ಒಂದೇ ಮಾತು: "ಎಲ್ಲಾ ದೇವರ ಸೊತ್ತು ಕಣಪ್ಪಾ, ನಾವು ಬರೀ ಕಾಯೋರು." ಕಾಯುವುದೆಂದರೆ ಅದೆಂಥಾ ಕಾಯುವುದು! ಪ್ರಾರ್ಥನೆಗೆ ಜನ ಕಣ್ಣು ಮುಚ್ಚಿದರೋ ಇಲ್ಲವೋ, ಮುಚ್ಚಿದ ಕಣ್ಣಿಗೆ ಬೆಳಕೇಕೆಂದು ದೀಪ ಆರಿಸುತ್ತಾರೆ. ಮನೆಯಲ್ಲಿ ಸವೆದ ಸೋಪಿನ ಚೂರುಗಳನ್ನೇ ಒತ್ತಿ ಉಂಡೆ ಕಟ್ಟಿ ಹೆಂಡತಿಗೆ ಕೊಡುತ್ತಾರೆ. ಬೀದಿಯಲ್ಲಿ ಯಾರದೋ ನಲ್ಲಿ ತೊಟ್ಟಿಕ್ಕಿದರೆ ಬಾಗಿಲು ಬಡಿದು ಉಪದೇಶ ಮಾಡುತ್ತಾರೆ. ಬಡವರಿಗೆಂದು ಬಂದ ಹನ್ನೆರಡು ಉಣ್ಣೆಯ ಕಂಬಳಿಗಳನ್ನಂತೂ ಆರು ಚಳಿಗಾಲದಿಂದ ಬೀರುವಿನಲ್ಲಿಟ್ಟು ಕಾದಿದ್ದಾರೆ. ಚರ್ಚು ಗುಡಿಸುವ ಮುದುಕಿ ಪ್ರತಿ ವರ್ಷವೂ ಒಂದು ಕೇಳುತ್ತಾಳೆ. "ತಡಿಯಮ್ಮಾ, ನಾಳೆ ನಿನಗಿಂತ ಬಡವರು ಬಂದ್ರೆ ಏನ್ ಕೊಡ್ಲಿ?" ಎನ್ನುತ್ತಾರೆ. ಈ ಸಲ ಆಕೆ ಕೆಮ್ಮಿ ಕೆಮ್ಮಿ ಪೊರಕೆ ಹಿಡಿದೇ ಕುಸಿದು ಕುಳಿತಾಗ, ಜೊತೆಗಿದ್ದ ಹೆಂಡತಿ ಕೆರಳಿದಳು: "ಈಯಮ್ಮ ದೇವರ ಸೊತ್ತಲ್ವೇನ್ರೀ? ತೆಗೀರಿ ಬೀಗಾನ!" ತೆಗೆದರು. ಕಂಬಳಿಯೆಂದು ಎತ್ತಿದರೆ ನುಸಿ ತಿಂದ ಜರಡಿ ಕೈಗೆ ಬಂತು, ಹನ್ನೆರಡೂ ಹಾಗೆಯೇ. ಹಿರಿಯರು ತಮ್ಮ ಸ್ವೆಟರು ಕಳಚಿ ಮುದುಕಿಗೆ ಹೊದಿಸಿದರು. ಅದರ ಮೊಣಕೈಗಳೂ ತೂತೇ. ಆರು ಚಳಿಗಾಲವೂ ತಮಗೆಂದು ಒಂದು ಕಂಬಳಿ ಮುಟ್ಟಿದವರಲ್ಲ. ಆಮೇಲೆ ಬೀರುವಿನತ್ತ ತಿರುಗಿ, ಆ ತೂತುಗಳಿಗೆಲ್ಲ ಮತ್ತೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು.